ಎರಿ ಮಣ್ಣಿನ ಮುನಿಸು

ನಾನು ಬೈಲಹೊಂಗಲದ ಮಾಲಿ. ಮಂದಿಯ ಹಿತ್ತಲಿನಲ್ಲಿ ಗಿಡ ಹಚ್ಚುತ್ತ ತಲೆ ಬೆಳ್ಳಗಾಯಿತು.

ನಮ್ಮ ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಚಪ್ಪಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬಿರುಕಿನೊಳಗೆ ಬಿದ್ದ ನನ್ನ ಕುರುಪಿ ಇನ್ನೂ ಸಿಕ್ಕಿಲ್ಲ. ಮಳೆ ಹೋದ ಮೇಲೂ ಒಡಲಲ್ಲಿ ತೇವ ಹಿಡಿದು ಹಿಂಗಾರಿ ಜೋಳ, ಕಡಲೆಯನ್ನು ತಾಯಿಯಂತೆ ಸಲಹುವ ಮಣ್ಣು ಇದು. ಮಲ್ಲಿಗೆಗೆ ಮಾತ್ರ ಮಲತಾಯಿ! ನೀರು ನಿಂತರೆ ಬೇರು ಕೊಳೆಯಿತೆಂದೇ ಲೆಕ್ಕ. ಅದಕ್ಕೇ ಗುಣಿಗೆ ಉಸುಕು, ತಿಪ್ಪೆಗೊಬ್ಬರ ಬೆರೆಸುತ್ತೇನೆ.

ಗಿಡ ಹಚ್ಚಿದ ಮರುದಿನವೇ ಮನೆಯೊಡತಿ ಕೇಳುತ್ತಾರೆ: “ಕಾಕಾ, ಹೂ ಯಾವಾಗ ಬಿಡತೈತ್ರಿ?”

“ಅಕ್ಕಾರ, ಹಂಗ ನೋಡಬ್ಯಾಡ್ರಿ, ಗಿಡಕ್ಕ ನಾಚಿಕಿ ಬರತೈತಿ.”

ಹೂವಿನ ಮಾತಿಗೆ ನೆನಪಾಯಿತು: ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟರ ರಾಜಧಾನಿ. ಇಂಥ ಹೆಸರಿಟ್ಟವನು ಮಾಲಿಯೇ ಇರಬೇಕೆಂದು ನನ್ನ ಗುಮಾನಿ. ಇತಿಹಾಸ ಓದಿದವರು ಒಪ್ಪಲಿಕ್ಕಿಲ್ಲ, ಬಿಡಿ.

ಕಿತ್ತೂರು ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ತೀರಿಕೊಂಡದ್ದು ನಮ್ಮೂರಲ್ಲಿ. ಸಮಾಧಿಯೂ ಇಲ್ಲೇ ಇದೆ. ಮೊನ್ನೆ ಮನೆಯವಳ ಜತೆ ಹೋಗಿದ್ದೆ. ಕೈ ಮುಗಿಯುವ ಮೊದಲೇ ಕೈ ಗಿಡದ ಕಡೆ ಹೋಯಿತು, ಒಣ ಎಲೆ ಕೀಳಲು.

“ಇಲ್ಲೆರೆ ಸುಮ್ಮನ ನಿಂದರ್ರಿ!” ಅಂದಳು.

ಕೈ ಹಿಂದೆ ಕಟ್ಟಿಕೊಂಡೆ. ಆ ಎಲೆ ಹಾಗೇ ಉಳಿದಿದೆ. ನಾಳೆ ಒಬ್ಬನೇ ಹೋಗಬೇಕು.