ಅಂಗೈಯೊಳಗಿನ ಚಿತ್ರದೀಪ

ಕತ್ತಲೆಯಲ್ಲಿ ಉರಿಯುವ ಕೊಳ್ಳಿಯೊಂದನ್ನು ಹಿಡಿದು ವೇಗವಾಗಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ. ಬಳೆ ಎಂಬುದು ನಿಜವಾಗಿ ಅಲ್ಲಿಲ್ಲ. ಇರುವುದು ಕೊಳ್ಳಿಯ ತುದಿಯ ಕೆಂಡ ಮಾತ್ರ. ಅದು ಬಿಟ್ಟುಹೋದ ಎಡೆಯ ಬೆಳಕನ್ನು ಕಣ್ಣು ಕ್ಷಣಕಾಲ ಹಿಡಿದಿಟ್ಟುಕೊಳ್ಳುವುದರಿಂದ ಚುಕ್ಕೆ ಚಕ್ರವಾಗುತ್ತದೆ. ಗೌಡಪಾದರ ಮಾಂಡೂಕ್ಯಕಾರಿಕೆಯ ಕೊನೆಯ ಪ್ರಕರಣಕ್ಕೆ ಈ ಕೊಳ್ಳಿಯಿಂದಲೇ ಅಲಾತಶಾಂತಿ ಎಂಬ ಹೆಸರು ಬಂದಿದೆ. ನಾನು ಇಂದು ಹೇಳಹೊರಟಿರುವುದು ವೇದಾಂತವನ್ನಲ್ಲ, ಒಂದು ಯಂತ್ರದ ವಿಚಾರವನ್ನು. ಆದರೆ ಆ ಯಂತ್ರ ನಡೆಯುವುದು ಕೊಳ್ಳಿಯ ಈ ನ್ಯಾಯದ ಮೇಲೆಯೇ.

ಸಿನಿಮಾ ಮಂದಿರದ ಹಳೆಯ ಪ್ರೊಜೆಕ್ಟರನ್ನು ನೀವು ಬಲ್ಲಿರಿ. ಪ್ರಖರವಾದ ದೀಪ, ಅದರ ಮುಂದೆ ಓಡುವ ಫಿಲ್ಮು, ಚಿತ್ರವನ್ನು ಹಿಗ್ಗಿಸಿ ತೆರೆಯ ಮೇಲೆ ಬೀಳಿಸುವ ಮಸೂರ, ಈ ಮೂರೂ ಅದಕ್ಕೆ ಬೇಕು. ಜೇಬಿನಲ್ಲಿ ಹಿಡಿಯುವ ಲೇಸರ್ ಪ್ರೊಜೆಕ್ಟರಿನಲ್ಲಿ ಈ ಮೂರೂ ಇಲ್ಲ. ಅಲ್ಲಿರುವುದು ಕೆಂಪು, ಹಸಿರು, ನೀಲಿ ಬಣ್ಣದ ಮೂರು ಲೇಸರ್ ಕಿರಣಗಳು; ಅವನ್ನು ಒಂದುಗೂಡಿಸಿದ ಒಂದೇ ಎಳೆ ಬೆಳಕು; ಆ ಎಳೆಯನ್ನು ಅತ್ತಿತ್ತ ತಿರುಗಿಸುವ, ಸುಮಾರು ಒಂದು ಮಿಲಿಮೀಟರ್ ಅಗಲದ ಕನ್ನಡಿ. ಅಮೆರಿಕದ ಮೈಕ್ರೊವಿಷನ್ ಸಂಸ್ಥೆ 2010ರಲ್ಲಿ ತನ್ನ ದೇಶದ ಮಾರುಕಟ್ಟೆಗೆ ತಂದ ಕಿರುಪ್ರೊಜೆಕ್ಟರ್ ಈ ಬಗೆಯದು. ಅದರ ಕನ್ನಡಿ ಅಡ್ಡಡ್ಡವಾಗಿ ಸೆಕೆಂಡಿಗೆ ಸುಮಾರು 18 ಸಾವಿರ ಸಲ ತೂಗುತ್ತಿತ್ತು. ಮೇಲಿನಿಂದ ಕೆಳಕ್ಕೆ 60 ಸಲ. ಸಾಲಿಗೆ 848 ಚುಕ್ಕೆಗಳಂತೆ 480 ಸಾಲುಗಳು. ಅಂದರೆ ಸೆಕೆಂಡೊಂದರಲ್ಲಿ ಎರಡು ಕೋಟಿಗೂ ಮಿಗಿಲಾದ ಚುಕ್ಕೆಗಳನ್ನು ಒಂದೇ ಕಿರಣ ಒಂದೊಂದಾಗಿ ಇಡುತ್ತಿತ್ತು. ಗೋಡೆ ಹತ್ತಿರವಿರಲಿ, ದೂರವಿರಲಿ, ಚಿತ್ರ ಮಸುಕಾಗದು. ಸರಿಹೊಂದಿಸಲು ಮಸೂರವೇ ಇಲ್ಲ. ಯಾವ ಕ್ಷಣದಲ್ಲಿ ನೋಡಿದರೂ ಗೋಡೆಯ ಮೇಲಿರುವುದು ಒಂದು ಚುಕ್ಕೆ. ಉಳಿದ ಚಿತ್ರವೆಲ್ಲ ಇರುವುದು ನೋಡುವವನ ಕಣ್ಣಿನಲ್ಲಿ.

ಈ ಯಂತ್ರವನ್ನು ಕುರಿತು ಓದಿದಷ್ಟೂ ನನಗೆ ಒಂದು ಮಾತು ಸ್ಪಷ್ಟವಾಗುತ್ತ ಬಂದಿದೆ. ಇದರ ಕಥೆಯಲ್ಲಿ ಹೆಜ್ಜೆಹೆಜ್ಜೆಗೂ ಅಳತೆಗೋಲಾಗಿರುವುದು ಮನುಷ್ಯನ ಕಣ್ಣು. ಇದಕ್ಕೆ ಬೇಕಾದ ಬೆಳಕು ಹುಟ್ಟಿಬಂದ ಬಗೆಯನ್ನು ನೋಡಿದರೆ ಅದು ತಿಳಿಯುತ್ತದೆ.

ಲೇಸರ್ ಡಯೋಡ್ ಎಂಬುದು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಅರೆವಾಹಕದ ಹರಳು. ಅದರ ಒಂದು ಬದಿಯಲ್ಲಿ ಎಲೆಕ್ಟ್ರಾನುಗಳು ಹೆಚ್ಚು. ಇನ್ನೊಂದು ಬದಿಯಲ್ಲಿ ಅವುಗಳ ಕೊರತೆ. ವಿದ್ಯುತ್ತು ಹರಿದಾಗ ಎಲೆಕ್ಟ್ರಾನುಗಳು ಗಡಿಯ ಬಳಿ ಬರಿದಾದ ಸ್ಥಾನಗಳಿಗೆ ಬೀಳುತ್ತವೆ. ಬೀಳುವಾಗ ಕಳೆದುಕೊಂಡ ಶಕ್ತಿಯೇ ಬೆಳಕು. ಬೀಳುವ ಎತ್ತರ ಕಡಿಮೆಯಾದರೆ ಕೆಂಪು, ಹೆಚ್ಚಾದರೆ ನೀಲಿ. ಹರಳಿನ ಎರಡು ತುದಿಗಳು ಕನ್ನಡಿಗಳಂತೆ ಆ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದಾಗ ಒಂದೇ ಬಣ್ಣದ, ಹೆಜ್ಜೆ ತಪ್ಪದ ಅಲೆಗಳ ಕಿರಣ ಹೊರಬೀಳುತ್ತದೆ.

1962ರಲ್ಲಿ ಅಮೆರಿಕದ ಷೆನೆಕ್ಟಡಿಯಲ್ಲಿ ರಾಬರ್ಟ್ ಹಾಲ್ ಮತ್ತು ಸಂಗಡಿಗರು ಇಂಥ ಡಯೋಡನ್ನು ಮೊದಲು ಬೆಳಗಿಸಿದರು. ಹರಳನ್ನು ದ್ರವ ನೈಟ್ರೊಜನ್ನಿನ ಕಡುಶೀತದಲ್ಲಿ ಇಡಬೇಕಾಗಿತ್ತು. ಹೊರಟ ಬೆಳಕು ಕಣ್ಣಿಗೆ ಕಾಣದ ಅವಕೆಂಪು. ಅದೇ ವರ್ಷ ನಿಕ್ ಹೊಲೊನ್ಯಾಕ್ ಕಾಣುವ ಕೆಂಪನ್ನು ತಂದರು. ಸಾಮಾನ್ಯ ಹವೆಯಲ್ಲಿ ಎಡೆಬಿಡದೆ ಬೆಳಗುವ ಡಯೋಡಿಗೆ 1970ರವರೆಗೆ ಕಾಯಬೇಕಾಯಿತು. ಆ ವರ್ಷ ಲೆನಿನ್‌ಗ್ರಾಡಿನಲ್ಲಿ ಅಲ್ಫೆರೊವ್ ಅವರ ತಂಡವೂ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಯಾಷಿ ಮತ್ತು ಪ್ಯಾನಿಷ್ ಅವರೂ ಅದನ್ನು ಸಾಧಿಸಿದರು.

ನೀಲಿಗೆ ಬೇಕಾಗಿದ್ದ ಗ್ಯಾಲಿಯಂ ನೈಟ್ರೈಡ್ ಮಹಾ ಹಟಮಾರಿ ವಸ್ತು. ಅದನ್ನು ಒಳ್ಳೆಯ ಹರಳಾಗಿ ಬೆಳೆಸುವುದು ಆಗದ ಕೆಲಸವೆಂದು ಅನೇಕರು ಕೈಬಿಟ್ಟರು. ಜಪಾನಿನಲ್ಲಿ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಕೈಬಿಡಲಿಲ್ಲ. ನಿಚಿಯಾ ಎಂಬ ಕಂಪನಿಯಲ್ಲಿದ್ದ ನಕಾಮುರಾ 1993ರಲ್ಲಿ ಪ್ರಖರವಾದ ನೀಲಿ ದೀಪವನ್ನೂ, 1996ರ ವೇಳೆಗೆ ಅದೇ ವಸ್ತುವಿನ ನೇರಳೆ ಲೇಸರನ್ನೂ ತೋರಿಸಿದರು. ನೀಲಿ ದೀಪಕ್ಕಾಗಿ ಮೂವರಿಗೂ 2014ರಲ್ಲಿ ನೊಬೆಲ್ ಬಹುಮಾನ ಬಂದಿತು.

ಕೆಂಪು ಬಂತು, ನೀಲಿ ಬಂತು, ನಡುವಣ ಹಸಿರು ಮಾತ್ರ ಬರಲಿಲ್ಲ. ಎಲೆಎಲೆಯಲ್ಲೂ ಕಾಣುವ ಬಣ್ಣ ಹರಳಿಗೇಕೆ ಇಷ್ಟು ದುರ್ಲಭವಾಯಿತು ಎಂದು ನೀವು ಕೇಳಬಹುದು. ಎಲೆ ಹಸಿರನ್ನು ಹುಟ್ಟಿಸುವುದಿಲ್ಲ. ಬಿಸಿಲಿನಲ್ಲಿ ತನಗೆ ಹೆಚ್ಚು ಬೇಡದ ಪಾಲನ್ನು ಹಿಂದಿರುಗಿಸುತ್ತದೆ. ಹರಳಾದರೋ ಅದನ್ನು ಹೆರಬೇಕು. ಗ್ಯಾಲಿಯಂ ನೈಟ್ರೈಡಿಗೆ ಇಂಡಿಯಂ ಬೆರೆಸಿದಷ್ಟೂ ನೀಲಿ ಹಸಿರಿನತ್ತ ಸರಿಯುತ್ತದೆ. ಆದರೆ ಇಂಡಿಯಂ ಪರಮಾಣು ಗಾತ್ರದಲ್ಲಿ ದೊಡ್ಡದು. ಅದು ಹೆಚ್ಚಾದಂತೆ ಹರಳಿನ ಕಟ್ಟಡ ಬಿಗಿದುಕೊಂಡು ದೋಷಗಳು ಹುಟ್ಟುತ್ತವೆ. ಒಳಗೇ ಎದ್ದ ವಿದ್ಯುತ್ ಸೆಳೆತ ಎಲೆಕ್ಟ್ರಾನುಗಳನ್ನು ಅವು ಬೀಳಬೇಕಾದ ಎಡೆಯಿಂದ ದೂರ ಎಳೆಯುತ್ತದೆ.

ಹಸಿರನ್ನು ಬಿಟ್ಟು ಮುಂದುವರಿಯುವಂತೆಯೂ ಇರಲಿಲ್ಲ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೊಮೀಟರಿನ ಹಸಿರು ಬೆಳಕಿಗೆ. ಮೂರು ಬಣ್ಣ ಸೇರಿ ಬಿಳಿಯಾದಾಗ ಕಣ್ಣಿಗೆ ಕಾಣುವ ಹೊಳಪಿನ ಹೆಚ್ಚಿನ ಪಾಲು ಹಸಿರಿನದು. ಹೀಗಾಗಿ ಮೊದಲ ಕಿರುಪ್ರೊಜೆಕ್ಟರುಗಳು ಹಸಿರನ್ನು ಸುತ್ತುದಾರಿಯಿಂದ ತಂದವು: ಸುಮಾರು 1060 ನ್ಯಾನೊಮೀಟರಿನ ಅವಕೆಂಪನ್ನು ವಿಶೇಷ ಹರಳೊಂದರ ಮೂಲಕ ಹಾಯಿಸಿ, ಅಲೆಯ ಉದ್ದವನ್ನು ಅರ್ಧಕ್ಕಿಳಿಸಿ, 530ರ ಹಸಿರನ್ನು ಪಡೆದವು. ಈ ಬಳಸುದಾರಿಯಿಂದ ಬೆಲೆ ಏರಿತು. 2009ರಲ್ಲಿ ಜರ್ಮನಿಯ ಓಸ್ರಾಮ್, ಜಪಾನಿನ ನಿಚಿಯಾ ಮತ್ತು ಸುಮಿಟೊಮೊ ಕಂಪನಿಗಳು ನೇರವಾಗಿ ಹಸಿರು ಸೂಸುವ ಡಯೋಡುಗಳನ್ನು ತೋರಿಸಿದವು. ಸುಮಿಟೊಮೊದವರು ಹರಳನ್ನು ವಾಡಿಕೆಯ ಮುಖದ ಮೇಲಲ್ಲದೆ ಓರೆಯಾದ ಮುಖದ ಮೇಲೆ ಬೆಳೆಸಿ, ಒಳಗಿನ ಸೆಳೆತವನ್ನು ತಗ್ಗಿಸಿ, 531 ನ್ಯಾನೊಮೀಟರನ್ನು ಮುಟ್ಟಿದರು. ಕೆಂಪಿನಿಂದ ಇಲ್ಲಿಗೆ 47 ವರ್ಷಗಳ ದಾರಿ.

ಬೆಳಕು ದೊರೆತ ಮೇಲೂ ಕಣ್ಣಿನ ತಕರಾರು ಮುಗಿಯಲಿಲ್ಲ. ಲೇಸರಿನ ಅಲೆಗಳು ಒಂದೇ ಹೆಜ್ಜೆಯವಾದ್ದರಿಂದ ಗೋಡೆಯ ತರಕಿನಿಂದ ಚೆದರಿ ಬಂದಾಗ ಕೆಲವೆಡೆ ಕೂಡಿ, ಕೆಲವೆಡೆ ಕಳೆದು, ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತವೆ. ಈ ರವೆ ಮೂಡುವುದು ನೋಡುವವನ ಅಕ್ಷಿಪಟದ ಮೇಲೆ. ತಲೆ ಅಲುಗಿಸಿದರೆ ಅದೂ ಅಲುಗುತ್ತದೆ. ಒಬ್ಬನಿಗೆ ಕಂಡ ರವೆ ಪಕ್ಕದವನಿಗೆ ಕಾಣದು.

ಇನ್ನೊಂದು ಮಾತು ಎಲ್ಲಕ್ಕಿಂತ ಗಂಭೀರವಾದದ್ದು. ಆ ಪ್ರೊಜೆಕ್ಟರಿನ ಬೆಳಕು 10 ಲ್ಯೂಮೆನ್. ಒಂದು ಮೇಣದಬತ್ತಿ ಸುತ್ತಲೂ ಚೆಲ್ಲುವ ಒಟ್ಟು ಬೆಳಕಿಗಿಂತ ತುಸು ಕಡಿಮೆ. ಇನ್ನೂ ಪ್ರಖರವಾಗಿ ಏಕೆ ಮಾಡಬಾರದು? ಎಲ್ಲ ಬೆಳಕೂ ಒಂದೇ ಎಳೆಯಲ್ಲಿ ಇರುವುದರಿಂದ ಮಾಡಬಾರದು. ಕಿರಣ ಓಡುತ್ತಿರುವವರೆಗೆ ಕಣ್ಣಿನ ಒಂದೊಂದು ಎಡೆಗೆ ತಗಲುವುದು ಕ್ಷಣಮಾತ್ರ. ಕನ್ನಡಿ ನಿಂತುಹೋದರೆ ಅಷ್ಟೂ ಶಕ್ತಿ ಒಂದೇ ಬಿಂದುವಿನಲ್ಲಿ ನಾಟುತ್ತದೆ. ಆದ್ದರಿಂದ ಕನ್ನಡಿ ನಿಂತೊಡನೆ ಲೇಸರನ್ನು ನಂದಿಸುವ ಏರ್ಪಾಡು ಅದರೊಳಗೆ ಇರಲೇಬೇಕು. ಕೊಳ್ಳಿ ನಿಂತರೆ ಚಕ್ರ ಮಾಯವಾಗುತ್ತದೆ, ಅಷ್ಟೆ. ಇಲ್ಲಿ ಕನ್ನಡಿ ನಿಂತರೆ ದೀಪವೂ ಆರಬೇಕು. ಜೇಬಿನ ವಸ್ತು ಮಗುವಿನ ಕೈಗೆ ಸುಲಭವಾಗಿ ಸಿಗುತ್ತದೆ. ಬೆಳಕು ಎಲ್ಲಿಂದ ಬರುತ್ತದೆಂದು ಮಗು ಮೊದಲು ಇಣುಕುವುದೂ ಅದರ ಬಾಯೊಳಕ್ಕೆ. ಹೆಚ್ಚು ಬೆಳಕನ್ನೇ ಹೆಚ್ಚುಗಾರಿಕೆಯೆಂದು ಮಾರುವ ಅಂಗಡಿಯಲ್ಲಿ ಈ ಮಾತು ಕೇಳಿಬರುವುದು ಅಪರೂಪ. ಕೊಳ್ಳುವವರಾದರೂ ಕೇಳಬೇಕೆಂದು ನನ್ನ ವಿನಂತಿ.

ಈ ಮಿತಿಯಿಂದಾಗಿ ದೊಡ್ಡ ಸಭಾಂಗಣಗಳು ಅದಕ್ಕೆ ಒಲಿಯಲಿಲ್ಲ. ಅಲ್ಲಿನ ಲೇಸರ್ ಯಂತ್ರಗಳಲ್ಲಿ ಬೆಳಕನ್ನು ಮೊದಲೇ ಹರಡಿ ಚಿತ್ರಫಲಕದ ಮೇಲೆ ಹಾಯಿಸುತ್ತಾರೆ. ಒಂದೇ ಎಳೆಯ ಈ ಲೇಖನಿಗೆ ಬೇರೆ ಕೆಲಸ ದೊರೆಯಿತು. 2019ರಲ್ಲಿ ಮೈಕ್ರೊಸಾಫ್ಟ್ ಹೊರತಂದ ಹೊಲೊಲೆನ್ಸ್ 2 ಎಂಬ, ತಲೆಗೆ ಧರಿಸುವ ಸಾಧನದಲ್ಲಿ ತೂಗುವ ಕನ್ನಡಿ ಮತ್ತು ಲೇಸರ್‌ಗಳೇ ಚಿತ್ರ ಬರೆದವು. ಅಲ್ಲಿ ಗೋಡೆಯಿಲ್ಲ, ತೆರೆಯಿಲ್ಲ. ತೀರ ಕ್ಷೀಣವಾದ ಬೆಳಕು ಕನ್ನಡಕದ ಗಾಜಿನ ಮೂಲಕ ನೇರವಾಗಿ ಕಣ್ಣನ್ನು ಹೊಕ್ಕಿತು. ಚಿತ್ರ ಮೊದಲಿನಿಂದಲೂ ಇದ್ದ ಎಡೆಗೇ ಹೋಗಿ ಸೇರಿತು.