ಅಂಕೆ ಯಾರ ಕೈಯಲ್ಲಿ?

ಭೀಮಾ ತೀರದ ಅಗರಖೇಡದಲ್ಲಿ 74 ವರ್ಷದ ನನ್ನ ಅಕ್ಕ ಇದ್ದಾಳೆ. ಪುಣೆಯಲ್ಲಿರುವ ಮಗ ಅವಳಿಗೆ ರಕ್ತದೊತ್ತಡ ಅಳೆಯುವ ಯಂತ್ರವೊಂದನ್ನು ತಂದುಕೊಟ್ಟಿದ್ದಾನೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಸಾಕು. ಅಳತೆ ಮನೆಯ ಮೊಬೈಲಿನ ಮೂಲಕ ಮಗನನ್ನು ಮುಟ್ಟುತ್ತದೆ. ಯಂತ್ರದ ಮೇಲೆ ಮೂರು ಅಂಕೆಗಳೂ ಮೂಡುತ್ತವೆ. ಆದರೆ ಅವು ಏನೆಂಬುದನ್ನು ತಿಳಿಸುವ ಅಕ್ಷರಗಳು ಇಂಗ್ಲಿಷಿನವು. ನಾನು ಹೋದಾಗ ಅಕ್ಕ ಕೇಳಿದಳು: “ತಮ್ಮಾ, ತೋಳು ನಂದು, ನೆತ್ತರ ನಂದು. ಸುದ್ದಿ ಮಾತ್ರ ಪುಣೇಕ ಯಾಕ ಹೋಗ್ತೈತಿ?”

ಕನ್ನಡದಲ್ಲಿ ಅಂಕೆಯೆಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ಅಕ್ಕನಿಗೆ ಎರಡೂ ದಕ್ಕಿರಲಿಲ್ಲ.

ದೊಡ್ಡ ಯೋಜನೆಗಳಲ್ಲಿಯೂ ಇದೇ ತೊಡಕುಂಟು. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕೆಗಳ ‘ಆಭಾ’ ಸಂಖ್ಯೆಯನ್ನು ನೀಡುತ್ತದೆ. ಒಮ್ಮೆ ವಿಜಯಪುರಕ್ಕೆ, ಒಮ್ಮೆ ಸೊಲ್ಲಾಪುರಕ್ಕೆ ಚೀಟಿಗಳ ಚೀಲ ಹೊತ್ತು ತಿರುಗುವ ನಮ್ಮ ಗಡಿನಾಡಿನ ರೋಗಿಗಳಿಗೆ, ದಾಖಲೆಗಳೆಲ್ಲ ಒಂದೆಡೆ ದೊರೆಯುವುದು ಸಣ್ಣ ಉಪಕಾರವಲ್ಲ. ರೋಗಿಯ ಸಮ್ಮತಿಯಿಲ್ಲದೆ ದಾಖಲೆ ಕೈಬದಲಾಗದೆಂಬ ನಿಯಮವೂ ಉಂಟು. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲು ಮಗನದಾದರೆ ಗುಪ್ತಸಂಖ್ಯೆ ಬರುವುದು ಅವನಿಗೆ. ತಾಯಿಯ ಪರವಾಗಿ ‘ಒಪ್ಪಿದೆ’ ಎಂದು ಒತ್ತುವವನೂ ಅವನೇ. ಬೆರಳಚ್ಚು ಕೊಡೋಣವೆಂದರೆ, ಜೋಳದ ಹೊಲದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸುವುದೇ ಕಷ್ಟ. ಇದಕ್ಕಿಂತ ಇ-ಸಂಜೀವನಿಯ ಒಂದು ಕ್ರಮ ನನಗೆ ಮೆಚ್ಚುಗೆ: ಆರೋಗ್ಯ ಕೇಂದ್ರದಲ್ಲಿ ಸಿಬ್ಬಂದಿಯೊಬ್ಬರು ರೋಗಿಯ ಪಕ್ಕದಲ್ಲಿ ಕುಳಿತು, ದೂರದ ವೈದ್ಯರನ್ನು ಪರದೆಯ ಮೇಲೆ ಕಾಣಿಸುತ್ತಾರೆ. ಮುದುಕಿ ತನ್ನ ಬೇನೆಯನ್ನು ತನ್ನ ಮಾತಿನಲ್ಲಿಯೇ ಹೇಳಬಹುದು.

ಇಂಥ ಯಂತ್ರಗಳನ್ನು ರೂಪಿಸುವವರು ಒಂದು ವಾರ ನಮ್ಮ ಕಟ್ಟೆಗಳ ಮೇಲೆ ಕುಳಿತು ಹೋಗಬೇಕು. ಆಗ ಅಳತೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಯಂತ್ರ ಬೇಕೆಂಬುದು ಅವರಿಗೆ ತಾನಾಗಿ ಹೊಳೆದೀತು.

ಅಲ್ಲಿಯವರೆಗೆ ನಾನು ಮಾಡಿದ್ದು ಇಷ್ಟೇ. ಮೇಲಿನ ಅಂಕೆ ಯಾವುದು, ಕೆಳಗಿನದು ಯಾವುದು ಎಂದು ಅಕ್ಕನಿಗೆ ತೋರಿಸಿದೆ. 140, 90 ಎಂಬ ಗೆರೆಗಳನ್ನು ಹೇಳಿಕೊಟ್ಟೆ. ಅವಳು ದಿನವೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಮಗ ಫೋನಿನಲ್ಲಿ “ಉಪ್ಪು ಬಿಡು” ಎಂದು ಗದರುತ್ತಿದ್ದ. ತಿಂಗಳು ಕಳೆದ ಮೇಲೆ ಅಕ್ಕನೇ ಕಂಡುಕೊಂಡಳು: ಒತ್ತಡ ಏರುವುದೆಲ್ಲ ಸೋಮವಾರ ಸಂಜೆ, ಮಂಗಳವಾರ ಬೆಳಿಗ್ಗೆ. ಸೋಮವಾರ ಅವಳಿಗೆ ಉಪವಾಸ. ಅಂದು ಗುಳಿಗೆಯನ್ನೂ ಬಿಡುತ್ತಿದ್ದಳು. ಪುಣೆಗೆ ಹೋದ ಅಂಕೆಗಳಲ್ಲಿ ಈ ಸಂಗತಿ ಇರಲಿಲ್ಲ.

ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಹೋಗಿ ವೈದ್ಯರಿಗೆ ತೋರಿಸಿದಳಂತೆ. ಈಗ ಸೋಮವಾರವೂ ಗುಳಿಗೆ ನಡೆದಿದೆ. “ಔಷಧ ಊಟ ಅಲ್ಲ ತಮ್ಮಾ, ಶಿವಗ ಗೊತ್ತೈತಿ” ಎನ್ನುತ್ತಾಳೆ.