ಕೊನೆಯ ಬೆಂಚಿಗೂ ಕಾಣುವ ಅಕ್ಷರ

ರೈಲಿನ ಕಿಟಕಿ ಪಕ್ಕ ಕೂತು ಊರುಗಳ ಹೆಸರು ಓದುವುದೆಂದರೆ ಮಕ್ಕಳಿಗೆಲ್ಲ ಇಷ್ಟ. ಅರಸೀಕೆರೆ, ಕಡೂರು, ಬೀರೂರು... ಗಾಡಿ ಇನ್ನೂ ನಿಲ್ಲುವ ಮೊದಲೇ ಹಳದಿ ಹಲಗೆಯ ಮೇಲಿನ ಕಪ್ಪು ಅಕ್ಷರ ಕಣ್ಣಿಗೆ ಬಿದ್ದು, ಹೆಸರು ಬಾಯಿಗೆ ಬಂದಿರುತ್ತದೆ. ಅದೇ ಮಕ್ಕಳು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ವಾರವೆಲ್ಲ ಕೂತು ಚಾರ್ಟ್ ಬರೆಯುತ್ತಾರೆ. ಐದಾರು ಬಣ್ಣ, ಸುತ್ತ ಹೂಬಳ್ಳಿ, ನಡುವೆ ಒತ್ತೊತ್ತಾಗಿ ಇಪ್ಪತ್ತು ಸಾಲು. ನೋಡಲು ಬಂದವರು ಎರಡು ಮಾರು ದೂರದಲ್ಲಿ ನಿಂತು, "ಚೆನ್ನಾಗಿದೆ" ಎಂದು ಹೇಳಿ ಮುಂದೆ ಹೋಗುತ್ತಾರೆ. ಓದಿರುವುದಿಲ್ಲ. ಅವರಿಗೆ ಮನಸ್ಸಿಲ್ಲ ಅಂತಲ್ಲ, ಆ ಅಕ್ಷರ ಅವರ ಕಣ್ಣಿಗೆ ಸಿಕ್ಕಿಲ್ಲ.

ಅಕ್ಷರವನ್ನು ಎಷ್ಟು ದೊಡ್ಡದಾಗಿ, ಯಾವ ಬಣ್ಣದಲ್ಲಿ, ಎಷ್ಟು ಜಾಗ ಬಿಟ್ಟು ಬರೆಯಬೇಕು ಎನ್ನುವುದನ್ನು ಬರೀ ಅಂದಚೆಂದದ ವಿಷಯ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಹಿಂದೆ ವಿಜ್ಞಾನವೂ ಇದೆ. ಅದು ಶುರುವಾಗುವುದು ನಮ್ಮ ಕಣ್ಣಿನಲ್ಲಿ.

ಒಂದು ಪ್ರಯೋಗ ಮಾಡೋಣ. ನಿಮ್ಮ ಪಾಠದ ಪುಸ್ತಕ ತೆರೆದು, ಒಂದು ಸಾಲಿನ ಮಧ್ಯದ ಒಂದೇ ಅಕ್ಷರದ ಮೇಲೆ ದೃಷ್ಟಿ ಇಡಿ. ಕಣ್ಣನ್ನು ಅಲ್ಲಿಂದ ಅಲುಗಿಸಬೇಡಿ. ಈಗ ಎಡಕ್ಕೂ ಬಲಕ್ಕೂ ಎಷ್ಟು ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆ? ಕೆಲವೇ ಕೆಲವು. ಉಳಿದ ಪುಟ ಕಾಣುತ್ತದೆ, ಆದರೆ ಓದಲಾಗುವುದಿಲ್ಲ.

ಇದಕ್ಕೆ ಕಾರಣ ಕಣ್ಣಿನ ಹಿಂಭಾಗದಲ್ಲಿದೆ. ಅಲ್ಲಿ ಅಕ್ಷಿಪಟಲ ಎಂಬ ಪೊರೆಯ ಮೇಲೆ ಬಿಂಬ ಮೂಡುತ್ತದೆ. ಆ ಪೊರೆಯ ನಡುವೆ ಫೋವಿಯಾ ಎಂಬ ಪುಟ್ಟ ತಗ್ಗು ಇದೆ. ಸೂಕ್ಷ್ಮ ಗೆರೆಗಳನ್ನು ಬಿಡಿಸಿ ನೋಡುವ ಶಂಕುಕೋಶಗಳು ಅತಿ ದಟ್ಟವಾಗಿ ತುಂಬಿರುವುದು ಅಲ್ಲಿ ಮಾತ್ರ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಬೆರಳಿನ ಅಗಲದಷ್ಟು ಜಾಗ, ಅಂದರೆ ಸುಮಾರು 2 ಡಿಗ್ರಿ, ನಿಮ್ಮ ತೀಕ್ಷ್ಣ ದೃಷ್ಟಿಗೆ ಸಿಗುವ ಪ್ರದೇಶ. ಅದರಾಚೆಗೆ ಹೋದಷ್ಟೂ ನೋಟ ಮಸುಕಾಗುತ್ತದೆ.

ಹಾಗಿದ್ದರೆ ಇಡೀ ಸಾಲನ್ನು ಓದುವುದು ಹೇಗೆ? ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಮಿಡತೆಯಂತೆ ನೆಗೆಯುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಓದಿಕೊಳ್ಳುತ್ತದೆ, ಮತ್ತೆ ಮುಂದಕ್ಕೆ ನೆಗೆಯುತ್ತದೆ. ನೆಗೆತಕ್ಕೆ ಹಿಡಿಯುವ ಸಮಯ ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗದ ಆಸುಪಾಸು. ಫ್ರಾನ್ಸಿನ ಕಣ್ಣಿನ ವೈದ್ಯ ಎಮಿಲ್ ಜಾವಲ್ 19ನೇ ಶತಮಾನದ ಕೊನೆಯ ದಶಕಗಳಲ್ಲೇ ಈ ನೆಗೆತಗಳ ಬಗ್ಗೆ ಬರೆದಿದ್ದ. ಪರೀಕ್ಷಿಸಬೇಕೇ? ಗೆಳತಿಗೆ ಪುಸ್ತಕ ಕೊಟ್ಟು ಎದುರು ಕೂತು ಅವಳ ಕಣ್ಣುಗುಡ್ಡೆ ಗಮನಿಸಿ. ಪುಟಪುಟ ನೆಗೆಯುವುದು ಕಾಣುತ್ತದೆ. ಆಮೇಲೆ ಕನ್ನಡಿ ಮುಂದೆ ನಿಂತು ನಿಮ್ಮದೇ ಎಡಗಣ್ಣನ್ನೂ ಬಲಗಣ್ಣನ್ನೂ ಒಂದಾದ ಮೇಲೊಂದು ನೋಡಿ. ನಿಮ್ಮ ಕಣ್ಣು ಅಲುಗುವುದು ನಿಮಗೆ ಕಾಣುವುದೇ ಇಲ್ಲ! ನೆಗೆಯುವ ಆ ಕ್ಷಣದ ಮಸುಕು ನೋಟವನ್ನು ಮಿದುಳು ಅಡಗಿಸಿಬಿಡುತ್ತದೆ. ನನಗೆ ಇದು ಎಷ್ಟು ಸಲ ಮಾಡಿದರೂ ಬೆರಗು ತೀರದ ಪ್ರಯೋಗ.

ಸಾಲಿನ ಕೊನೆ ಮುಟ್ಟಿದ ಕಣ್ಣು ಮುಂದಿನ ಸಾಲಿನ ಆರಂಭಕ್ಕೆ ಒಂದು ದೊಡ್ಡ ನೆಗೆತ ನೆಗೆಯಬೇಕು. ಸಾಲು ತೀರಾ ಉದ್ದವಾಗಿದ್ದು, ಸಾಲುಗಳ ನಡುವೆ ಜಾಗವೂ ಕಡಿಮೆಯಿದ್ದರೆ ಕಣ್ಣು ತಪ್ಪು ಸಾಲಿಗೆ ಬೀಳುತ್ತದೆ. ಓದಿದ್ದನ್ನೇ ಮತ್ತೆ ಓದುತ್ತೀರಿ, ಇಲ್ಲವೇ ಒಂದು ಸಾಲು ಹಾರಿಸಿಬಿಡುತ್ತೀರಿ. ದಿನಪತ್ರಿಕೆಯವರು ದೊಡ್ಡ ಹಾಳೆಯನ್ನು ಕಿರಿದಾದ ಕಾಲಂಗಳಾಗಿ ಒಡೆಯುವುದರಿಂದ ಈ ತೊಂದರೆ ತಪ್ಪುತ್ತದೆ. ನಿಮ್ಮ ಚಾರ್ಟಿನಲ್ಲೂ ಈ ತುದಿಯಿಂದ ಆ ತುದಿಗೆ ಒಂದೇ ಸಾಲು ಎಳೆಯುವ ಬದಲು ಎರಡು ಕಾಲಂ ಮಾಡಿ. ಎಡ ಅಂಚು ಮಾತ್ರ ನೇರವಾಗಿರಲಿ, ಬಲಗಡೆ ಏರುಪೇರಾದರೆ ಚಿಂತೆಯಿಲ್ಲ. ಕನ್ನಡದ ಪದಗಳು ಸಂಧಿಯಾಗಿ, ಪ್ರತ್ಯಯ ಸೇರಿ ಉದ್ದುದ್ದ ಆಗುತ್ತವೆ. ಕಿರಿದಾದ ಕಾಲಮ್ಮಿನಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತವೆ.

ಈಗ ಒತ್ತಕ್ಷರದ ವಿಷಯ. ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವಕ್ಕೆ ಮಾತ್ರ ಸಾಲಿನ ಕೆಳಗೆ ಇಳಿಯುವ ಬಾಲ ಇದೆ. ನಮ್ಮಲ್ಲಿ ಹಾಗಲ್ಲ. 'ಅಕ್ಕ' ಎಂದು ಬರೆದ ಕೂಡಲೇ ಸಾಲಿನ ಕೆಳಗೆ ಒಂದು ಒತ್ತು ಇಳಿಯಿತು. 'ಸ್ತ್ರೀ' ಎಂದರೆ ತಕಾರದ ಒತ್ತು, ರಕಾರದ ಒತ್ತು ಎರಡೂ ಬಂದವು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕನ್ನಡದ ಒಂದು ಸಾಲೆಂದರೆ ಮೂರು ಅಂತಸ್ತು: ಮೇಲೆ ತಲೆಕಟ್ಟು ಮತ್ತು ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪೋಸ್ಟರುಗಳಲ್ಲಿ, ಟಿವಿಯ ಪಟ್ಟಿಗಳಲ್ಲಿ ಒತ್ತಿನ ಕಾಲು ಕತ್ತರಿಸಿಹೋದದ್ದನ್ನು ನೀವೂ ನೋಡಿರಬಹುದು. ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಒತ್ತು ಹೋದರೆ ಪದವೇ ಬೇರೆಯಾಗುತ್ತದೆ: 'ಕತ್ತೆ'ಯ ಒತ್ತು ತೆಗೆದು ನೋಡಿ, 'ಕತೆ'!

ಹಳೆಯ ಮುದ್ರಕರಿಗೆ ಈ ಮೂರು ಅಂತಸ್ತು ದೊಡ್ಡ ಸವಾಲಾಗಿತ್ತು. ಸೀಸ ಬೆರೆಸಿದ ಲೋಹದಲ್ಲಿ ಎರಕ ಹೊಯ್ದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ ಅದು. ಕನ್ನಡದ ಮೊಳೆ ಜೋಡಿಸುವವರ ಮುಂದೆ ಅಕ್ಷರ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ಬಗೆಯ ಮೊಳೆಗಳ ಖಾನೆಗಳಿರುತ್ತಿದ್ದವು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಮೊಳೆಯ ಗೊಡವೆಯಿಲ್ಲ. ಕೈಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚು ತೆಗೆಯಬಹುದು, ಒತ್ತು ಎಲ್ಲಿ ಬೇಕೋ ಅಲ್ಲಿ ಕೂರುತ್ತದೆ. ಇವತ್ತು ಕಂಪ್ಯೂಟರಿನಲ್ಲಿ ನಾವು ಕ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಕ ಎಂದು ಒತ್ತಿದರೆ ಫಾಂಟಿನೊಳಗೆ ಬರೆದಿಟ್ಟ ನಿಯಮಗಳು ಎರಡನೇ ಕಕಾರವನ್ನು ತಾವೇ ಕೆಳಕ್ಕೆ ಇಳಿಸುತ್ತವೆ. ಆದರೆ ಸಾಲುಗಳ ನಡುವೆ ಎಷ್ಟು ಜಾಗ ಎನ್ನುವುದನ್ನು ನೀವೇ ನೋಡಿಕೊಳ್ಳಬೇಕು. ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಟ್ಟು ನೋಡಿ. ಒತ್ತುಗಳು ಇನ್ನೂ ತಾಗುತ್ತಿದ್ದರೆ ಸ್ವಲ್ಪ ಹೆಚ್ಚಿಸಿ.

ಅಕ್ಷರ ಎಷ್ಟು ದೊಡ್ಡದಿರಬೇಕು? ಇಲ್ಲಿ ಲೆಕ್ಕ ಬರುತ್ತದೆ. ಕಣ್ಣಿನ ಆಸ್ಪತ್ರೆಯಲ್ಲಿ ಮೇಲಿಂದ ಕೆಳಗೆ ಅಕ್ಷರ ಚಿಕ್ಕದಾಗುತ್ತ ಹೋಗುವ ಪಟ ಇರುತ್ತದಲ್ಲ, ಅಂಥದ್ದನ್ನು 1862ರಲ್ಲಿ ರೂಪಿಸಿದವನು ನೆದರ್ಲ್ಯಾಂಡ್ಸಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಸಿಗುವ ಒಂದು ಭಾಗಕ್ಕೆ ಒಂದು ಮಿನಿಟ್ ಎನ್ನುತ್ತಾರೆ. ಆರೋಗ್ಯವಂತ ಕಣ್ಣು ಒಂದು ಮಿನಿಟ್ ಕೋನದಷ್ಟು ಸಣ್ಣ ಗೆರೆಯನ್ನು ಬಿಡಿಸಿ ನೋಡಬಲ್ಲದು ಎಂದು ಇಟ್ಟುಕೊಂಡು, ಸ್ನೆಲೆನ್ ಅಕ್ಷರಗಳನ್ನು ಐದು ಮನೆ ಎತ್ತರ, ಐದು ಮನೆ ಅಗಲದ ಚೌಕದಲ್ಲಿ ಬರೆದ. ಒಂದು ಮನೆಗೆ ಒಂದು ಮಿನಿಟ್, ಇಡೀ ಅಕ್ಷರಕ್ಕೆ ಐದು ಮಿನಿಟ್. 6 ಮೀಟರ್ ದೂರದಲ್ಲಿ ಆ ಐದು ಮಿನಿಟ್ ಎಂದರೆ ಸುಮಾರು 9 ಮಿಲಿಮೀಟರ್.

ಅಂದರೆ 6 ಮೀಟರ್ ಉದ್ದದ ತರಗತಿಯ ಕೊನೆಯ ಬೆಂಚಿನವರು 9 ಮಿಲಿಮೀಟರ್ ಅಕ್ಷರವನ್ನು ಕಷ್ಟಪಟ್ಟು ಗುರುತಿಸಬಹುದು. ಕಷ್ಟಪಟ್ಟು! ಅದೂ ಸರಳ ಗೆರೆಯ ರೋಮನ್ ಅಕ್ಷರವನ್ನು, ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ಕಣ್ಣಿಗೆ. ನಮ್ಮ 'ರ' ಮತ್ತು 'ಠ' ನೋಡಿ: ನಡುವಿನ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. 'ದ' ಮತ್ತು 'ಧ' ಬೇರೆಯಾಗುವುದು ಒಂದು ಪುಟ್ಟ ಗೀಟಿನಿಂದ. ದೂರದಲ್ಲಿ ಮೊದಲು ಮಾಯವಾಗುವುದು ಇಂಥ ಚುಕ್ಕೆ, ಗೀಟುಗಳೇ. ಹಾಗಾಗಿ ನಾನು ಮೂರು ಪಟ್ಟಿಗೂ ಹೆಚ್ಚು ಇಟ್ಟುಕೊಳ್ಳಿ ಎನ್ನುತ್ತೇನೆ. ನೆನಪಿಡಲು ಸುಲಭ: ಓದುವವರು ಎಷ್ಟು ಮೀಟರ್ ದೂರವೋ, ಮೀಟರಿಗೆ ಅರ್ಧ ಸೆಂಟಿಮೀಟರ್ ಎತ್ತರ. 6 ಮೀಟರಿಗೆ 3 ಸೆಂಟಿಮೀಟರ್. ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈಯನ್ನಷ್ಟೇ ಅಳೆಯಿರಿ. ಇದು ಕನಿಷ್ಠ, ತಲೆಬರಹ ಇನ್ನೂ ದೊಡ್ಡದಿರಲಿ.

ಹೀಗೆ ಅಕ್ಷರವನ್ನು ದೂರದಿಂದ ಅಳೆದು ನೋಡಿದ ಒಂದು ಹೆಸರಾಂತ ಉದಾಹರಣೆ ಬ್ರಿಟನ್ನಿನದು. ಅಲ್ಲಿ 1950ರ ದಶಕದ ಕೊನೆಯಲ್ಲಿ ವೇಗದ ಹೆದ್ದಾರಿಗಳು ಬಂದವು. ಜೋರಾಗಿ ಓಡುವ ಕಾರಿನವರಿಗೆ ಹಳೆಯ ಹಲಗೆಗಳನ್ನು ಓದಲು ಆಗುತ್ತಿರಲಿಲ್ಲ. ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ವಿನ್ಯಾಸಕಾರರು ಹೊಸ ಅಕ್ಷರ ರೂಪಿಸಿದರು. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಪದಗಳೆಲ್ಲ ಒಂದೇ ಎತ್ತರದ ಪೆಟ್ಟಿಗೆಗಳಾಗುತ್ತವೆ, ಚಿಕ್ಕಕ್ಷರದಲ್ಲಾದರೆ ಪ್ರತಿ ಊರಿನ ಹೆಸರಿಗೂ ಅದರದೇ ಏರಿಳಿತದ ಆಕಾರ ಬರುತ್ತದೆ ಎಂಬುದು ಅವರ ವಾದ. ಬೇರೆಯವರು ಬರೆದ ದೊಡ್ಡಕ್ಷರದ ಹಲಗೆಗಳ ಜೊತೆ ಅವರ ಹಲಗೆಗಳನ್ನೂ ಇಟ್ಟು, ಎಷ್ಟು ದೂರದಿಂದ ಓದಬಹುದು ಎಂದು ವಿಮಾನ ನಿಲ್ದಾಣವೊಂದರ ಬಯಲಿನಲ್ಲಿ ಪರೀಕ್ಷೆ ಮಾಡಿದರು. ದೂರದ ಅಳತೆಯಲ್ಲಿ ಎರಡರ ನಡುವೆ ಇದ್ದ ವ್ಯತ್ಯಾಸ ಬಹಳ ಕಡಿಮೆ. ಕೊನೆಗೆ ರಸ್ತೆಗೆ ಬಂದದ್ದು ಕಿನೀರ್ ಮತ್ತು ಕ್ಯಾಲ್ವರ್ಟ್ ಅವರ ಅಕ್ಷರ. 1965ರಿಂದ ಜಾರಿಗೆ ಬಂದ ಆ ಹಲಗೆಗಳು ಇವತ್ತಿಗೂ ಅಲ್ಲಿ ನಿಂತಿವೆ. ಇನ್ನೊಂದು ಸಂಗತಿ: 'ಮಕ್ಕಳು ರಸ್ತೆ ದಾಟುತ್ತಾರೆ' ಎಂಬ ಹಲಗೆಯಲ್ಲಿ ಒಬ್ಬ ಹುಡುಗಿ ಪುಟ್ಟ ಹುಡುಗನ ಕೈಹಿಡಿದು ಮುಂದೆ ನಡೆಯುತ್ತಾಳೆ. ಕ್ಯಾಲ್ವರ್ಟ್ ಆ ಹುಡುಗಿಯನ್ನು ಬಾಲ್ಯದ ತನ್ನನ್ನೇ ನೆನೆದು ಬರೆದದ್ದು.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಮುಖ್ಯವಾದ ಮಾತನ್ನು ಎತ್ತಿ ತೋರಿಸಲು ನಮಗಿರುವುದು ಗಾತ್ರ, ದಪ್ಪ ಮತ್ತು ಬಣ್ಣ. ಅಕ್ಷರವನ್ನು ವಾಲಿಸುವುದು ನಮ್ಮ ಲಿಪಿಯ ಗುಂಡಗಿನ ಮೈಗೆ ಒಗ್ಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಅಡ್ಡಕ್ಕೆ ಎಳೆದು ಅಗಲ ಮಾಡುವುದಂತೂ ಬೇಡವೇ ಬೇಡ, ಲಂಬ ಗೆರೆ ದಪ್ಪವಾಗಿ, ಅಡ್ಡ ಗೆರೆ ಹಾಗೇ ಉಳಿದು ಅಕ್ಷರ ಕೆಡುತ್ತದೆ.

ಇನ್ನು ಬಣ್ಣ. ಕಣ್ಣು ಅಕ್ಷರದ ಅಂಚನ್ನು ಹಿಡಿಯುವುದು ಮುಖ್ಯವಾಗಿ ಹೊಳಪಿನ ವ್ಯತ್ಯಾಸದಿಂದ. ಜಾಲತಾಣಗಳಿಗೆ ಮಾರ್ಗಸೂಚಿ ರೂಪಿಸುವ ಡಬ್ಲ್ಯೂ-ತ್ರಿ-ಸಿ ಸಂಸ್ಥೆ ಇದನ್ನು ಅಂಕಿಯಲ್ಲಿ ಅಳೆಯುತ್ತದೆ. ಬಿಳಿಯ ಮೇಲೆ ಕಪ್ಪಿಗೆ ಅತಿ ಹೆಚ್ಚು, 21. ಸಾಧಾರಣ ಗಾತ್ರದ ಬರಹಕ್ಕೆ ಕನಿಷ್ಠ 4.5 ಇರಬೇಕು ಎನ್ನುತ್ತದೆ ಅದರ ಮಾರ್ಗಸೂಚಿ. ಪರದೆಯ ಶುದ್ಧ ಹಳದಿಯನ್ನು ಕಪ್ಪಿನ ಜೊತೆ ಇಟ್ಟರೆ 19ಕ್ಕೂ ಹೆಚ್ಚು. ಅದೇ ಹಳದಿಯಲ್ಲಿ ಬಿಳಿಯ ಮೇಲೆ ಬರೆದರೆ 1.07, ಅಂದರೆ ಬರೆಯದಿದ್ದಂತೆಯೇ. ಶುದ್ಧ ನೀಲಿಯ ಮೇಲೆ ಶುದ್ಧ ಕೆಂಪು ಬರೆದರೆ ಸುಮಾರು 2. ಅಲ್ಲದೆ ಕೆಂಪು ಬೆಳಕೂ ನೀಲಿ ಬೆಳಕೂ ಕಣ್ಣಿನ ಮಸೂರದ ಹಿಂದೆ ಒಂದೇ ದೂರದಲ್ಲಿ ಕೂಡುವುದಿಲ್ಲವಾದ್ದರಿಂದ ಆ ಅಕ್ಷರಗಳು ಅಲುಗಾಡಿದಂತೆ ಕಾಣುತ್ತವೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದ ಮಕ್ಕಳೂ ನಿಮ್ಮ ಶಾಲೆಯಲ್ಲಿರಬಹುದು. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ: ನಿಮ್ಮ ಚಾರ್ಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ. ಆಗಲೂ ಅಕ್ಷರ ಎದ್ದು ಕಂಡರೆ ಬಣ್ಣದ ಆಯ್ಕೆ ಸರಿ.

ಪ್ರೊಜೆಕ್ಟರ್ ಬಳಸುವವರಿಗೆ ಒಂದು ಮಾತು. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಎರಚಲಾರದು. ಅದು ಎರಚುವುದು ಬೆಳಕನ್ನು ಮಾತ್ರ, ಬೆಳಕು ಬೀಳದ ಜಾಗವೇ 'ಕಪ್ಪು'. ತರಗತಿಯ ಕಿಟಕಿ ತೆರೆದಿದ್ದರೆ ಬಿಸಿಲಿನ ಬೆಳಕು ಆ ಜಾಗಕ್ಕೂ ಬಿದ್ದು ಕಪ್ಪು ಬೂದು ಬಣ್ಣವಾಗುತ್ತದೆ. ಕಂಪ್ಯೂಟರಿನಲ್ಲಿ ಸೊಗಸಾಗಿ ಕಂಡ ಬರಹ ಗೋಡೆಯ ಮೇಲೆ ಮಂಕಾಗುವುದು ಇದಕ್ಕೇ. ಕಿಟಕಿಯ ಪರದೆ ಎಳೆಯಿರಿ, ಅಕ್ಷರ ದಪ್ಪ ಮಾಡಿ. ವಿಡಿಯೋದಲ್ಲಿ ಬರಹ ಹಾಕುವುದಾದರೆ ನೀವು ಅದನ್ನು ಎರಡು ಸಲ ನಿಧಾನವಾಗಿ ಗಟ್ಟಿಯಾಗಿ ಓದಿ ಮುಗಿಸುವಷ್ಟು ಹೊತ್ತು ಇರಲಿ. ಹಿಂದೆ ಮರಗಿಡ, ಜನಸಂದಣಿ ಇರುವ ಚಿತ್ರವಿದ್ದರೆ ಅಕ್ಷರದ ಹಿಂಬದಿಗೆ ಒಂದು ಕಪ್ಪು ಪಟ್ಟಿ ಇಡಿ.

ನಿಮ್ಮ ಊರಿನಲ್ಲೂ ಹಲಗೆಗಳಿವೆ: ಆರೋಗ್ಯ ಕೇಂದ್ರದ ಸಮಯ, ನೀರಿನ ಎಚ್ಚರಿಕೆ, ಬಸ್ಸಿನ ವೇಳಾಪಟ್ಟಿ. ಒಂದು ಅಳತೆಪಟ್ಟಿ ಹಿಡಿದು ಹೋಗಿ. ಜನ ನಿಲ್ಲುವ ದೂರ ಎಷ್ಟು, ಅಕ್ಷರದ ಎತ್ತರ ಎಷ್ಟು, ಒತ್ತುಗಳು ಪೂರ್ತಿ ಇವೆಯೇ ಎಂದು ಬರೆದುಕೊಳ್ಳಿ. ಮನೆಯ ಅಜ್ಜಿಯನ್ನೋ ತಾತನನ್ನೋ ಕರೆದು ಓದಿಸಿ ನೋಡಿ. ಓದಲಾಗದ ಹಲಗೆ ಸಿಕ್ಕರೆ ಆ ಅಳತೆಗಳನ್ನು ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ಹೊಸದಾಗಿ ಬರೆಸಿ ಎಂದು ಕೇಳಿ.